ಅಳಿಯ ಬಂದ, ಅಳಿಯ ಬಂತು

ನಮ್ಮ ಬೀದಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಕಣ್ಣು ಮುಚ್ಚಿದರೂ ಮೊದಲು ಕೇಳಿಬರುವ ಮಾತು, "ಬೋರ್ಡಕ್ಕನ ಹತ್ರ ತಗೊಂಡು ಹೋಗಿ" ಎಂಬುದೇ. ಬೀಗದ ಕೈ ಮಾಡುವವನ ಗೂಡಂಗಡಿಗೂ ಒಂದು ಹೊಲಿಗೆಯಂಗಡಿಗೂ ನಡುವೆ ಸಿಕ್ಕಿಕೊಂಡಂತಿದೆ ಅವಳ ಅಂಗಡಿ. ಮುಂದೆ ಗಾಜಿನ ಕೌಂಟರು, ನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ಅದರ ಹಿಂದಿನ ಮೂಲೆಯಲ್ಲಿ ರಿಪೇರಿಯ ಬೆಂಚು. ಗೋಡೆಯ ತುಂಬ ಮೊಳೆ ಹೊಡೆದು, ಸತ್ತ ಮದರ್‌ಬೋರ್ಡುಗಳನ್ನು ತೂಗುಹಾಕಿದ್ದಾಳೆ. ಒಂದೊಂದರ ಕೆಳಗೂ ಸಾವಿಗೆ ಕಾರಣ ಬರೆದಿದೆ: 'ಸಿಡಿಲು', 'ಇಲಿ', 'ಕಾಫಿ'. ಒಂದರ ಕೆಳಗೆ ಬರೀ 'ಮಾಲೀಕ' ಎಂದಿದೆ.

ಅವಳು ಪ್ರೌಢಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ. ಆದ್ದರಿಂದಲೇ ಈಗ ಮಗಳ ಮದುವೆ ಮಾಡಿ ಮುಗಿಸಿದ ಹೆಂಗಸಾದರೂ ನನ್ನ ಬಾಯಲ್ಲಿ ಅವಳಿಗೆ ಏಕವಚನವೇ. ತರಗತಿಯಲ್ಲಿ ಅವಳ ಗಂಟಲೇ ಎಲ್ಲರಿಗಿಂತ ದೊಡ್ಡದು. ಯಾರಾದರೂ 'ಹುಡುಗರು ಬಂದನು' ಎಂದು ತಪ್ಪಿದರೆ ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ "ಬಂದರು!" ಎಂಬ ಕೂಗು ಬರುತ್ತಿತ್ತು. ಶಾಲೆ ಮುಗಿದ ಮೇಲೆ ರೇಡಿಯೊ, ಟೀವಿ ಜೋಡಿಸುವ ಒಂದು ಕಾರ್ಖಾನೆಗೆ ಬೆಸುಗೆ ಹಾಕಲು ಸೇರಿದಳು. ಕಂಪ್ಯೂಟರುಗಳು ಬಂದ ಕಾಲಕ್ಕೆ ಒಂದನ್ನು ಬಿಚ್ಚಿ ನೋಡಿದಳಂತೆ. "ಏನೋ ಮಹಾ ಅಂದ್ಕೊಂಡಿದ್ದೆ ಮೇಷ್ಟ್ರೇ. ನೋಡಿದ್ರೆ ರೇಡಿಯೊದ್ದೇ ದೊಡ್ಡ ಸಂಸಾರ" ಎಂದು ಹೇಳಿ, ತಮ್ಮನನ್ನು ಕೌಂಟರಿನಲ್ಲಿ ಕೂರಿಸಿ ಅಂಗಡಿ ತೆರೆದೇಬಿಟ್ಟಳು. ಗಂಡ ಲಾರಿ ಕಚೇರಿಯ ಗುಮಾಸ್ತ; ಬೋರ್ಡಿಗೂ ಇಸ್ತ್ರಿಪೆಟ್ಟಿಗೆಗೂ ವ್ಯತ್ಯಾಸ ತಿಳಿಯದ ಸಾಧು ಮನುಷ್ಯ.

ಮದರ್‌ಬೋರ್ಡು ಎಂದರೆ ಕಂಪ್ಯೂಟರಿನ ಎಲ್ಲ ಭಾಗಗಳೂ ಬಂದು ಕೂರುವ ಹಲಗೆ. ಅದು ಕೆಟ್ಟರೆ ಉಳಿದವು ಎಷ್ಟು ಚೆನ್ನಾಗಿದ್ದರೂ ಮನೆ ನಡೆಯುವುದಿಲ್ಲ. ಗಿರಾಕಿಗಳು ಬಂದು, "ಯಾವ ಕಂಪನೀದು ಒಳ್ಳೇದು?" ಎಂದು ಕೇಳಿದರೆ ಅವಳು ಮರುಪ್ರಶ್ನೆ ಹಾಕುತ್ತಿದ್ದಳು.

"ಒಳ್ಳೇದು ಅಂದ್ರೆ ಏನು? ಗುಣ ಡಬ್ಬಿ ಬಿಚ್ಚಿದ ದಿನ ಕಾಣುತ್ತೆ. ನಂಬಿಕೆ ಗ್ಯಾರಂಟಿ ಮುಗಿದ ಮೇಲೆ ಕಾಣುತ್ತೆ. ಬೆಲೆ ಒಂದು ಮಾತ್ರ ಮೊದಲೇ ಕಾಣುತ್ತೆ, ಅದಕ್ಕೇ ನೀವೆಲ್ಲ ಅದನ್ನೇ ನೋಡ್ತೀರಿ."

ಅವಳು ನೋಡುವ ರೀತಿಯೇ ಬೇರೆ. ಹೊಸ ಬೋರ್ಡನ್ನು ಎರಡು ಅಂಚು ಹಿಡಿದು ಒಂದಿಷ್ಟೇ ಬಾಗಿಸುವಳು. ತೆಳು ಹಲಗೆಯಾದರೆ ಬೆರಳಿಗೆ ತಿಳಿಯುತ್ತದೆ. ಪ್ರೊಸೆಸರಿಗೆ ವಿದ್ಯುತ್ ಹಂಚುವ ಭಾಗದ ಮೇಲೆ ಶಾಖ ಹೀರುವ ಅಲ್ಯೂಮಿನಿಯಂ ತುಂಡು ಇದೆಯೇ, ಇದ್ದರೆ ಸ್ಕ್ರೂ ಹಾಕಿ ಬಿಗಿದಿದ್ದಾರೆಯೇ ಅಥವಾ ಬರೀ ಅಂಟಿಸಿದ್ದಾರೆಯೇ ಎಂದು ಅಲುಗಾಡಿಸುವಳು. ಕೆಟ್ಟರೆ ಕಂಪನಿಯವರು ಬದಲಿ ಕೊಡುತ್ತಾರೋ ಇಲ್ಲ ಅಲೆಸುತ್ತಾರೋ ಎಂಬುದಂತೂ ಅವಳ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಕಂಪನಿಗಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಅಂಗಡಿಯಲ್ಲೂ ಹೇಳುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಒಂದಲ್ಲ ಒಂದು ಕಂಪನಿಯ ಏಜೆಂಟು ಕೌಂಟರಿನ ಮುಂದಿನ ಸ್ಟೂಲಿನಲ್ಲಿ ಟೀ ಕುಡಿಯುತ್ತ ಕೂತಿರುತ್ತಿದ್ದ. ಅವನೆದುರು ಅವನ ಮಾಲನ್ನು ಬೈಯುವುದು ಹೇಗೆ? ಅದಕ್ಕೆ ಅಕ್ಕ-ತಮ್ಮ ಸೇರಿ, ಮದರ್ ಎಂಬ ಮಾತಿನಿಂದಲೇ ಶುರುಮಾಡಿ, ಕಂಪನಿಗಳಿಗೆಲ್ಲ ನೆಂಟಸ್ತಿಕೆಯ ಹೆಸರಿಟ್ಟಿದ್ದರು. ಈ ಗುಟ್ಟು ನನಗೆ ತಿಳಿದದ್ದು ಬಹಳ ತಡವಾಗಿ. ಆದರೆ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ.

ಕಂದು ಡಬ್ಬಿಯಲ್ಲಿ ಬರುತ್ತಿದ್ದದ್ದು 'ದೊಡ್ಡಮ್ಮ'. ನೋಡಲು ಸಾದಾ, ಕೈಗೆ ಭಾರ, ಬೆಲೆಯೂ ತುಸು ಹೆಚ್ಚು. ಆದರೆ ಒಮ್ಮೆ ಮನೆ ಸೇರಿದರೆ ಮತ್ತೆ ಸದ್ದಿಲ್ಲದೆ ದುಡಿಯುವವಳು. ಅಗ್ಗದ್ದು 'ಭಾವ'. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಗ್ಯಾರಂಟಿ ಇರುವವರೆಗೆ ಬಲು ಒಳ್ಳೆಯವ, ಆಮೇಲೆ ಸ್ವಲ್ಪ ಜಾರಿಕೊಳ್ಳುವ ಸ್ವಭಾವ. ನೀಲಿ ಡಬ್ಬಿಯದು 'ನಾದಿನಿ'. ಕೆಲಸಕ್ಕೆ ಎತ್ತಿದ ಕೈ. ತನಗೆ ಹಿಡಿಸಿದ ಮೆಮೊರಿ ಕಾರ್ಡನ್ನೇ ಕೊಡದಿದ್ದರೆ ಮಾತ್ರ ಬೀಪ್ ಬೀಪ್ ಎಂದು ಬೀದಿಗೆಲ್ಲ ಕೇಳುವಂತೆ ಕೂಗುವಳು. ಇನ್ನು ಕೆಂಪು ಡಬ್ಬಿಯದು 'ಅಳಿಯ'. ಮೈತುಂಬ ಬಣ್ಣದ ದೀಪ. ಬೇರೆ ಫ್ಯಾನ್ ಬೇಕು, ದೊಡ್ಡ ಪವರ್ ಸಪ್ಲೈ ಬೇಕು, ಎಲ್ಲ ಉಪಚಾರವೂ ಆಗಬೇಕು. ಇಷ್ಟೆಲ್ಲ ಆದಮೇಲೂ ಸ್ವಲ್ಪ ಬಿಸಿಯಾದರೆ ಮುನಿಸಿಕೊಂಡು ಸುಮ್ಮನಾಗುವುದು, ಮಾವನ ಮನೆಗೆ ಬಂದ ಹಾಗೆ ಮೇಲಿಂದ ಮೇಲೆ ಅಂಗಡಿಗೆ ಹಿಂತಿರುಗುವುದು.

ಮೊದಮೊದಲು ತಮ್ಮ "ಅಕ್ಕ, ಅಳಿಯ ಸುಟ್ಟುಹೋಯ್ತು" ಎಂದನಂತೆ. ಹಿಂದಿನ ಬೆಂಚಿನ ಹುಡುಗಿ ಬಿಡುತ್ತಾಳೆಯೇ? "ಅಳಿಯ ಸುಟ್ಟುಹೋದ ಅನ್ನೋ. ಮೇಷ್ಟ್ರ ಮರ್ಯಾದೆ ಕಳೀಬೇಡ" ಎಂದು ತಿದ್ದಿದಳು. ಅಂದಿನಿಂದ ಆ ಅಂಗಡಿಯಲ್ಲಿ ದೊಡ್ಡಮ್ಮ ಬಂದಳು, ಭಾವ ಹೋದ, ನಾದಿನಿ ಕೂಗಿದಳು. ಆಗ ಅವಳ ಮಗಳು ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ನಿಜವಾದ ಅಳಿಯ ಯಾರ ಕನಸಿನಲ್ಲೂ ಇರಲಿಲ್ಲ.

ಕಾಲ ಸರಿಯಿತು. ಮಗಳು ಆಸ್ಪತ್ರೆಯಲ್ಲಿ ನರ್ಸ್ ಆದಳು. ಮೊಬೈಲ್ ರಿಪೇರಿಯ ಕಾರ್ಯಾಗಾರದಲ್ಲಿದ್ದ ಒಬ್ಬ ಯುವಕನನ್ನು ಮೆಚ್ಚಿ ಮದುವೆಯಾದಳು. ಅದೇ ವರ್ಷ ಬೋರ್ಡಕ್ಕನ ಬಲಗೈಯಲ್ಲಿ ಸಣ್ಣ ನಡುಕ ಕಾಣಿಸಿತು. ಲೋಟ ಹಿಡಿಯಲು ಅಡ್ಡಿಯಿಲ್ಲ, ಸಾಸಿವೆಗಿಂತ ಸಣ್ಣ ಭಾಗಕ್ಕೆ ಬೆಸುಗೆ ಹಾಕಲು ಮಾತ್ರ ಆಗದು. ಅವಳೇನೂ ಎದೆಗುಂದಲಿಲ್ಲ. ಅಳಿಯನ ಕೈ ಎಷ್ಟು ಸ್ಥಿರ ಎಂದು ನೋಡಿದ್ದಳು. ಅವನನ್ನು ಅಂಗಡಿಗೆ ಕರೆದಳು. ಅವನೂ ಸಂತೋಷದಿಂದ ಬಂದ.

"ಇವರು ಬೆಂಚಿಗೆ ಒಗ್ಗಿದ್ರೆ ನನ್ನ ಅಂಗಡಿ ಉಳೀತು ಮೇಷ್ಟ್ರೇ. ಇಲ್ಲಾಂದ್ರೆ ಕೀಬೋರ್ಡು, ಮೌಸು ಮಾರ್ಕೊಂಡು ಕೂರೋದೇ. ಆದ್ರೆ ಒಗ್ಗೇ ಒಗ್ತಾರೆ, ನೋಡ್ತಿರಿ" ಎಂದಳು.

ಅಳಿಯನಿಗೆ ಎದುರಿನಲ್ಲಿ ಅವಳದು ಎಂದೂ ಬಹುವಚನ. 'ಬನ್ನಿ', 'ಕೂತ್ಕೊಳ್ಳಿ', 'ಊಟ ಮಾಡಿದ್ರಾ?' ಎಲ್ಲವೂ ಮರ್ಯಾದೆಯ ಮಾತೇ. ತಮ್ಮನೂ ಹಾಗೆಯೇ. ಹುಡುಗ ಗೆಲುವಿನವನು, ಮಿರಿಮಿರಿ ಮಿಂಚುವ ಅಂಗಿ ತೊಟ್ಟು, ಬೆಂಚಿನ ಮೇಲೆ ಒಂದು ಪುಟ್ಟ ಫ್ಯಾನ್ ಇಟ್ಟುಕೊಂಡು, ಹಾಡು ಗುನುಗುತ್ತ ಕೆಲಸ ಮಾಡುತ್ತಿದ್ದ. ಆದರೆ ಕೆಲವು ತಿಂಗಳಲ್ಲೇ ಹಾಡು ನಿಂತಿತು. ಅಂಗಿ ಬೂದುಬಣ್ಣಕ್ಕೆ ತಿರುಗಿತು. ಫ್ಯಾನನ್ನು ಎತ್ತಿ ಕಪಾಟಿನ ಮೇಲಿಟ್ಟು ಬೆವರಿನಲ್ಲೇ ಕೂರತೊಡಗಿದ. "ಜವಾಬ್ದಾರಿ ಬಂತು ನೋಡಿ" ಎಂದು ಬೋರ್ಡಕ್ಕ ಹಿಗ್ಗಿದಳು.

ಒಂದು ಭಾನುವಾರ ಬೆಳಿಗ್ಗೆ ನನ್ನ ಪ್ರಿಂಟರ್ ಸರಿಮಾಡಲು ಅವನು ಮನೆಗೆ ಬಂದ. ಕೆಲಸ ಮುಗಿಸಿ, ಸ್ಕ್ರೂಡ್ರೈವರನ್ನು ಒರೆಸಿದ್ದೇ ಒರೆಸಿದ್ದು. ಕೊನೆಗೆ ಕೇಳಿದ.

"ಮೇಷ್ಟ್ರೇ, ನೀವು ವ್ಯಾಕರಣ ಕಲಿಸಿದವರು. ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ ಅಂದ್ರೆ ಏನರ್ಥ?"

"ಯಾರು ಯಾರಿಗೆ ಅಂದದ್ದಪ್ಪ?"

"ನಮ್ಮತ್ತೆ. ನನಗೆ." ಅವನು ತಲೆ ತಗ್ಗಿಸಿದ. "ಪ್ಲೈವುಡ್ಡಿಗೆ ಎಷ್ಟು ದಪ್ಪ ಇರುತ್ತೆ ಹೇಳಿ. ಎಲ್ಲ ಕೇಳ್ಸುತ್ತೆ. 'ಅಳಿಯ ಮೇಲೆಲ್ಲ ಥಳುಕು, ಒಳಗೆ ದಮ್ಮಿಲ್ಲ' ಅಂದ್ರು. ಆಯ್ತು, ಅಂಗಿ ಬದಲಾಯಿಸ್ದೆ. 'ಅವನಿಗೆ ಬೇರೆ ಫ್ಯಾನ್ ಕೊಟ್ಟು ಸಾಕಬೇಕು' ಅಂದ್ರು. ಫ್ಯಾನ್ ತೆಗೆದಿಟ್ಟೆ. ಮೊನ್ನೆ ಚಿಕ್ಕಮಾವ, 'ಅಕ್ಕ, ಆ ಮೂಲೇಲಿ ಕೂತಿರೋ ಅಳಿಯನ್ನ ಏನ್ಮಾಡೋದು?' ಅಂತ ಕೇಳಿದ್ರು. ಮೂಲೇಲಿ ಕೂತಿರೋನು ನಾನೇ ಅಲ್ವಾ? ಅದಕ್ಕೆ ಅತ್ತೆ, 'ಯಾರಾದ್ರೂ ಕೇಳಿದ್ರೆ ಅರ್ಧಕ್ಕಾದ್ರೂ ತಳ್ಳಿಬಿಡು, ಜಾಗ ಉಳಿಯುತ್ತೆ' ಅಂದ್ರು. ಅರ್ಧ ಸಂಬಳಕ್ಕೆ ಯಾರಿಗೋ ಒಪ್ಪಿಸೋ ಯೋಚನೆ ಇರಬೇಕು."

ನನಗೆ ನಂಬಿಕೆಯಾಗಲಿಲ್ಲ. "ನಿನ್ನ ಹೆಂಡತಿಯನ್ನು ಕೇಳಿದೆಯಾ?"

"ತಾಯಿ ಮೇಲೆ ಮಗಳ ಹತ್ರ ದೂರು ಹೇಳ್ಲಾ? ನನ್ನೊಬ್ಬನ್ನೇ ಅಲ್ಲ ಮೇಷ್ಟ್ರೇ, ಆ ಮನೇಲಿ ದೊಡ್ಡಮ್ಮನ್ನ ಬಿಟ್ರೆ ಯಾವ ನೆಂಟರನ್ನೂ ಬಿಡಲ್ಲ. ನಾದಿನಿ ಕೂಗ್ತಾಳಂತೆ, ಭಾವ ಕೈಕೊಡ್ತಾನಂತೆ. ಪಾಪ, ಯಾರೋ ಏನೋ. ನನ್ನ ಹಳೇ ಯಜಮಾನ್ರು ವಾಪಸ್ ಬಾ ಅಂತಿದ್ರು, ಒಪ್ಕೊಂಡಿದೀನಿ. ಪ್ರೆಸ್ಸಿನವರ ಕೆಲಸ ಒಂದು ಮುಗಿಸಿ ಹೊರಡ್ತೀನಿ. ನೀವು ಮಾತ್ರ ಯಾರಿಗೂ ಹೇಳಬೇಡಿ."

ಹೇಳುವುದಿಲ್ಲ ಎಂದು ಒಪ್ಪಿದೆ. ಆದರೆ ಸುಮ್ಮನೆ ಕೂರಲಾಗಲಿಲ್ಲ. ಮರುದಿನ ಮಧ್ಯಾಹ್ನ ಕೀಬೋರ್ಡಿನ ಒಂದು ಗುಂಡಿ ಅಂಟಿಕೊಳ್ಳುತ್ತಿದೆ ಎಂಬ ನೆಪ ಹೂಡಿ ಅಂಗಡಿಗೆ ಹೋದೆ.

ಅಲ್ಲಿ ಪರೀಕ್ಷೆ ನಡೆದಿತ್ತು. ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನವರು ತಮ್ಮ ಕಂಪ್ಯೂಟರುಗಳನ್ನೆಲ್ಲ ಬದಲಾಯಿಸಬೇಕೆಂದಿದ್ದರು. ಯಂತ್ರಗಳ ಬಿಸಿಯ ನಡುವೆ ಬೆಳಗಿನಿಂದ ಸಂಜೆಯವರೆಗೆ ಓಡಬೇಕಾದವು ಅವು. ಬೋರ್ಡಕ್ಕ ಎಂದಿನಂತೆ ಕಂದು ಡಬ್ಬಿಯದನ್ನೇ ಹಾಕಿಸೋಣ ಎಂದಿದ್ದಳು. ಅಳಿಯ ಮಾತ್ರ, "ಅತ್ತೆ, ಒಂದ್ಸಲ ಎಲ್ಲಾನೂ ಪಕ್ಕಪಕ್ಕ ಇಟ್ಟು ಓಡಿಸಿ ನೋಡೋಣ್ವಾ?" ಎಂದು ಕೇಳಿದ್ದ. "ಅದಕ್ಕೇನಂತೆ" ಎಂದು ಅವಳು ಒಪ್ಪಿದ್ದಳು.

ಬೆಂಚಿನ ಮೇಲೆ ನಾಲ್ಕು ಕಂಪನಿಯ ಬೋರ್ಡುಗಳು ಬೆತ್ತಲಾಗಿ ಮಲಗಿದ್ದವು. ಒಂದೇ ಬಗೆಯ ಪ್ರೊಸೆಸರು, ಒಂದೇ ಕೆಲಸ. ಪ್ರೆಸ್ಸಿನ ಕೋಣೆಯಂತೆಯೇ ಇರಲಿ ಎಂದು ಕಿಟಕಿ ಮುಚ್ಚಿ, ಮೇಲಿನ ಫ್ಯಾನನ್ನೂ ನಿಲ್ಲಿಸಿದ್ದ ಅಳಿಯ. ಉಷ್ಣಮಾಪಕ ಹಿಡಿದು ಒಂದೊಂದರ ಮೇಲೂ ಬಾಗುತ್ತಿದ್ದ. ಅವನ ಬೂದು ಅಂಗಿ ಬೆನ್ನಿಗೆ ಅಂಟಿತ್ತು. ಬೋರ್ಡಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತಿದ್ದಳು. ಅಡ್ಡಗೋಡೆಯ ಬಾಗಿಲಲ್ಲಿ ತಮ್ಮ, ಒಂದು ಕಣ್ಣು ಕೌಂಟರಿಗೆ, ಇನ್ನೊಂದು ಬೆಂಚಿಗೆ ಹಂಚಿ ನಿಂತಿದ್ದ.

"ಸರಿ, ಈಗ ಹೇಳಿ" ಎಂದಳು ಅವಳು.

ಹೊರಟುಹೋಗುವವನಿಗೆ ಹಂಗಿಲ್ಲವಲ್ಲ, ಅಳಿಯ ನಿಸ್ಸಂಕೋಚವಾಗಿ ಹೇಳಿದ. "ಕಂದು ಡಬ್ಬೀದು ಹೆಸರಿನ ಮೇಲೆ ಓಡ್ತಿದೆ ಅತ್ತೆ. ಬಾಗಿಸಿ ನೋಡಿ, ಹಲಗೆ ತೆಳ್ಳಗಾಗಿದೆ. ಮೊದಲು ಸ್ಕ್ರೂ ಹಾಕ್ತಿದ್ರು, ಈಗ ಅಂಟಿಸಿದಾರೆ. ಕೆಟ್ಟು ಹೋಗಲ್ಲ, ಆದ್ರೆ ಆ ಬೆಲೆಗೆ ಇದಲ್ಲ. ಅಗ್ಗದ್ದು ಮನೆಗೆ ಸಾಕು, ಪ್ರೆಸ್ಸಿಗೆ ಆಗಲ್ಲ. ನೀಲಿದು ಚೆನ್ನಾಗಿ ಓಡ್ತು, ಆದ್ರೆ ನಾಳೆ ಅದೇ ಮೆಮೊರಿ ಕಾರ್ಡು ಸಿಗಲಿಲ್ಲ ಅಂದ್ರೆ ಪ್ರೆಸ್ ನಿಲ್ಲುತ್ತೆ." ಕೆಂಪು ಡಬ್ಬಿಯ ಬೋರ್ಡಿನ ಮೇಲೆ ಕೈಯಿಟ್ಟ. "ಇದು. ಈ ವರ್ಷ ದೀಪಗೀಪ ಎಲ್ಲ ತೆಗೆದು ಒಂದು ಸಾದಾ ಮಾದರಿ ಬಿಟ್ಟಿದಾರೆ. ಹಲಗೆ ದಪ್ಪ, ಎಲ್ಲಕ್ಕೂ ಸ್ಕ್ರೂ. ಇಷ್ಟು ಹೊತ್ತು ಓಡಿದ್ರೂ ಬೆರಳಿಡಬಹುದು. ಬೆಲೆ ಕಂದು ಡಬ್ಬಿಗಿಂತ ಕಡಿಮೆ. ನನ್ನ ಕೇಳಿದ್ರೆ ಇದನ್ನೇ ಹಾಕ್ಬೇಕು."

ಬಾಗಿಲಲ್ಲಿದ್ದ ತಮ್ಮನಿಗೆ ತಡೆಯಲಾಗಲಿಲ್ಲ. "ಹೋಯ್! ಅಕ್ಕ, ಅಳಿಯನ್ನ ಹೊಗಳೋಕೆ ಕೊನೆಗೆ ಅಳಿಯನೇ ಬರಬೇಕಾಯ್ತು ನೋಡು!"

ಅಳಿಯನ ಮುಖ ಕೆಂಪಾಯಿತು. ಉಷ್ಣಮಾಪಕವನ್ನು ಕೆಳಗಿಟ್ಟ.

"ಇಷ್ಟು ದಿನ ಗೋಡೆ ಹಿಂದೆ ಅಂತಿದ್ರಿ. ಈಗ ಎದುರಿಗೇ ಶುರು ಮಾಡಿದ್ರಾ ಚಿಕ್ಕಮಾವ? ಮೂಲೆ ಖಾಲಿ ಮಾಡ್ತಿದೀನಿ, ಬಿಡಿ. ಅರ್ಧಕ್ಕೆ ತಳ್ಳೋ ಕಷ್ಟ ನಿಮಗೆ ಬೇಡ."

ತಮ್ಮ ಕಣ್ಣುಕಣ್ಣು ಬಿಟ್ಟ. "ಏನು ತಳ್ಳೋದು? ಯಾವ ಮೂಲೆ?" ಒಂದು ಕ್ಷಣ ಕಳೆದ ಮೇಲೆ ಅವನ ಬಾಯಿ ತೆರೆದದ್ದು ಹಾಗೆಯೇ ನಿಂತಿತು. "ಅಯ್ಯಯ್ಯೋ! ಅಕ್ಕ! ಇವರಿಗೆ ನಾವು ಹೇಳೇ ಇಲ್ಲ!" ಎಂದವನೇ ಮುಂದಕ್ಕೆ ಓಡಿ, ಕೌಂಟರಿನ ಮೂಲೆಯಿಂದ ಧೂಳು ಹಿಡಿದ ಒಂದು ಹಳೆಯ ಕೆಂಪು ಡಬ್ಬಿಯನ್ನು ಎತ್ತಿಕೊಂಡು ಬಂದ. "ಇವನೇ ನೋಡಿ ಮೂಲೇಲಿ ಕೂತಿರೋ ಅಳಿಯ! ದೀಪ ಹತ್ತಿದ್ರೆ ಮದುವೆಮನೆ, ಬಿಸಿ ಆದ್ರೆ ಬೂದಿ! ಅರ್ಧ ಬೆಲೆಗೂ ಯಾರೂ ಒಯ್ತಿಲ್ಲ!"

ನೆಂಟಸ್ತಿಕೆಯ ಕಥೆಯೆಲ್ಲ ಆಗ ಹೊರಬಿತ್ತು. ಅಳಿಯ ಒಂದೊಂದನ್ನೇ ಹೋಲಿಸಿ ನೋಡುತ್ತಿದ್ದ. "ಹಾಗಾದ್ರೆ ನಾದಿನಿ ಕೂಗೋದು?" "ಬೀಪ್ ಬೀಪ್!" "ದೊಡ್ಡಮ್ಮ?" "ಇಗೋ, ಇಷ್ಟು ಹೊತ್ತು ನೀವೇ ಬೈದ್ರಲ್ಲ!" ನನಗೂ ನಗು ತಡೆಯಲಾಗಲಿಲ್ಲ. ಹೊಲಿಗೆಯಂಗಡಿಯವರು ಮಿಶಿನ್ ನಿಲ್ಲಿಸಿ ಇಣುಕಿದರು.

ಬೋರ್ಡಕ್ಕ ಒಬ್ಬಳೇ ನಗಲಿಲ್ಲ. ಅವಳು ಅಳಿಯನ ಬೂದು ಅಂಗಿಯನ್ನು ನೋಡಿದಳು. ಕಪಾಟಿನ ಮೇಲೆ ಕೂತಿದ್ದ ಪುಟ್ಟ ಫ್ಯಾನನ್ನು ನೋಡಿದಳು. ಎದ್ದು ಅದನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಅವನತ್ತ ತಿರುಗಿಸಿಟ್ಟು ಗುಂಡಿ ಒತ್ತಿದಳು. ಆಮೇಲೆ ನನ್ನ ಮೇಲೆ ತಿರುಗಿಬಿದ್ದಳು.

"ಎಲ್ಲ ನಿಮ್ಮಿಂದ ಮೇಷ್ಟ್ರೇ! ಕರ್ತೃಪದಕ್ಕೆ ತಕ್ಕ ಹಾಗೆ ಕ್ರಿಯಾಪದ ಇರ್ಬೇಕು ಅಂತ ತಲೆಗೆ ತುಂಬಿದವರು ನೀವು. ನನ್ನ ತಮ್ಮ ಅಂದ ಹಾಗೆ 'ಅಳಿಯ ಸುಟ್ಟುಹೋಯ್ತು' ಅಂತಿದ್ದಿದ್ರೆ ಇವರಿಗೆ ಮೊದಲ ದಿನವೇ ತಿಳೀತಿತ್ತು. 'ಹೋದ, ಬಂದ' ಅಂತ ಶುದ್ಧವಾಗಿ ಮಾತಾಡಿ ಹೀಗಾಯ್ತು!"

"ಅಮ್ಮಾ ತಾಯಿ, ಪೂರ್ತಿ ಪಾಠ ಕೇಳಬೇಕಿತ್ತು" ಎಂದೆ ನಾನು. "ನಮ್ಮ ಭಾಷೆಯಲ್ಲಿ ಲಿಂಗ ಶಬ್ದವನ್ನು ನೋಡುವುದಿಲ್ಲ, ಅರ್ಥವನ್ನು ನೋಡುತ್ತದೆ. ಗಂಡಸಾದರೆ ಬಂದ, ಹೆಂಗಸಾದರೆ ಬಂದಳು, ಹಲಗೆಯಾದರೆ ಬಂತು. ನೀನು ಏನೇ ಹೆಸರಿಡು, ಬೋರ್ಡು ಎಂದೆಂದೂ ನಪುಂಸಕಲಿಂಗವೇ. ಆ ಪಾಠದ ದಿನ ನೀನು ಶಾಲೆಗೆ ಬಂದಿರಲಿಲ್ಲವೋ ಏನೋ."

"ಶಾಲೆಗೆ ಅಂತ ಹೊರಡ್ತಿದ್ದಳು, ನನ್ನ ಕೈಯಲ್ಲಿ ಸೈಕಲ್ ತುಳಿಸಿಕೊಂಡು ಬೇರೆ ಕಡೆ ಹೋಗ್ತಿದ್ದಳು" ಎಂದು ತಮ್ಮ ಸಾಕ್ಷಿ ನುಡಿದ.

ಅಷ್ಟು ಹೊತ್ತಿಗೆ ಅಳಿಯನೂ ನಕ್ಕಿದ್ದ. ಆದರೆ ಹಳೆಯ ಯಜಮಾನರಿಗೆ ಅವನು ಮಾತು ಕೊಟ್ಟಾಗಿತ್ತು. ಅದನ್ನು ಅವನೇ ಹೇಳಿದ.

ಬೋರ್ಡಕ್ಕ ಬೆಂಚಿನ ಹತ್ತಿರ ಬಂದು ಕೆಂಪು ಡಬ್ಬಿಯ ಬೋರ್ಡಿನ ಮೇಲೆ ಬೆರಳಿಟ್ಟಳು. ಬೆರಳು ಸ್ವಲ್ಪ ನಡುಗುತ್ತಿತ್ತು, ಆದರೂ ತೆಗೆಯಲಿಲ್ಲ. ಕಂದು ಡಬ್ಬಿಯದನ್ನು ಎತ್ತಿ ಬಾಗಿಸಿದಳು. ಮತ್ತೆ ಕೆಂಪನ್ನು ಬಾಗಿಸಿದಳು. ಬಹಳ ಹೊತ್ತು ನೋಡಿದಳು.

"ನೀವು ಹೇಳಿದ್ದು ಸರಿ" ಎಂದಳು. "ಈ ಕಂಪನೀನ ಎಂದೋ ಬೈದಿದ್ದೆ, ಆಮೇಲೆ ಬೈತಾನೇ ಬಂದೆ. ಬಿಚ್ಚಿ ನೋಡೋಕೆ ಹೋಗ್ಲೇ ಇಲ್ಲ. ಪ್ರೆಸ್ಸಿಗೆ ಇದನ್ನೇ ಹಾಕೋಣ. ನಾಳೆ ನಾಡಿದ್ದು ಯಾವ ಕಂಪನಿ ಏನಾಗುತ್ತೋ, ಹೀಗೆ ಪಕ್ಕಪಕ್ಕ ಇಟ್ಟು ನೋಡೋರು ಒಬ್ರು ಈ ಬೆಂಚಿಗೆ ಬೇಕು. ನನ್ನ ಕೈ ನಿಮಗೆ ಗೊತ್ತೇ ಇದೆ. ನಿಮ್ಮನ್ನ ಕಳಿಸೋಕೆ ನನಗಿಷ್ಟ ಇಲ್ಲ."

"ಒಂದು ಮಾತಿಗೆ ಒಪ್ಪಿದ್ರೆ ಇರ್ತೀನಿ ಅತ್ತೆ" ಎಂದ ಅವನು. "ಈ 'ನೀವು, ನಿಮಗೆ' ಬಿಟ್ಟುಬಿಡಿ. ಎದುರಿಗೆ ಅದನ್ನ ಕೇಳಿ ಕೇಳಿಯೇ, ಹಿಂದಿನ ಏಕವಚನಕ್ಕೆ ಅಷ್ಟು ಸಂಕಟ ಆಗಿದ್ದು. ನನ್ನಮ್ಮ ನನ್ನ 'ಬಾರೋ' ಅಂತಾಳೆ."

ಬೋರ್ಡಕ್ಕನ ನಾಲಿಗೆ ಹೊರಳಲು ಸ್ವಲ್ಪ ಕಷ್ಟಪಟ್ಟಿತು. "ಬನ್ನಿ..." ಎಂದಳು. ತಲೆ ಕೊಡವಿದಳು. "ಬಾ. ಬಾರೋ, ಇಲ್ಲಿ ಬಂದು ಕೂತ್ಕೊ" ಎಂದು, ತಾನು ಇಷ್ಟು ವರ್ಷ ಕೂತಿದ್ದ ಬೆನ್ನಾಸರೆಯ ಕುರ್ಚಿಯನ್ನು ಬೆಂಚಿನ ಮುಂದಕ್ಕೆ ಎಳೆದಳು. ಅವನು ಕೂತ. ಕೂತಲ್ಲಿಂದಲೇ ಹಳೆಯ ಯಜಮಾನರಿಗೆ ಫೋನ್ ಮಾಡಿ, "ಕ್ಷಮಿಸಬೇಕು ಸಾರ್, ಬರೋಕಾಗಲ್ಲ, ನಮ್ಮತ್ತೆ ಬಿಡ್ತಿಲ್ಲ" ಎಂದ. ಆ ಕೊನೆಯ ಮಾತನ್ನು ಹೇಳುವಾಗ ಅವನ ದನಿಯಲ್ಲಿದ್ದ ಹೆಮ್ಮೆಯನ್ನು ಬೀಗದ ಕೈಯವನೂ ಕೇಳಿರಬೇಕು.

ಪ್ರೆಸ್ಸಿನಲ್ಲಿ ಈಗ ಕೆಂಪು ಡಬ್ಬಿಯವೇ ಓಡುತ್ತಿವೆ. ಒಂದು ಬೇಸಿಗೆ ದಾಟಿದವು. ಯಾವುದೂ ಮಾವನ ಮನೆಗೆ ಹಿಂತಿರುಗಲಿಲ್ಲ. ಬೆಂಚಿನ ಮೂಲೆಯಿಂದ ಮತ್ತೆ ಹಾಡು ಕೇಳುತ್ತದೆ, ಅಂಗಿಗಳು ಮಿಂಚುತ್ತವೆ. ನೆಂಟಸ್ತಿಕೆಯ ಹೆಸರುಗಳನ್ನು ಬಿಡಲು ಯಾರಿಗೂ ಮನಸ್ಸು ಬರಲಿಲ್ಲ. ಅಳಿಯನೇ ಬೇಡವೆಂದ. ತಿದ್ದುಪಡಿ ಒಂದೇ: ಅಳಿಯ ಬಂದ ಎಂದರೆ ಅವನು, ಅಳಿಯ ಬಂತು ಎಂದರೆ ಡಬ್ಬಿ.

ತಮ್ಮನಿಗೆ ಮಾತ್ರ ಹಳೆಯ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಹೋದ ವಾರ ನಾನು ಅಲ್ಲೇ ಇದ್ದೆ. ಕಂದು ಡಬ್ಬಿಯ ಕಂಪನಿಯ ಏಜೆಂಟು ಸ್ಟೂಲಿನ ಮೇಲೆ ಕೂತು, ಇತ್ತೀಚೆಗೆ ತಮ್ಮ ಮಾಲನ್ನು ಯಾಕೆ ತರಿಸುತ್ತಿಲ್ಲ ಎಂದು ಕೇಳುತ್ತಿದ್ದ. ಅವನಿಗೆ ಟೀ ಕೊಟ್ಟ ತಮ್ಮ, ಅಡ್ಡಗೋಡೆಯತ್ತ ತಿರುಗಿ ಕೂಗಿದ.

"ಅಕ್ಕಾ, ದೊಡ್ಡಮ್ಮ ಯಾಕೆ ಬೇಡ ಅಂತ ಏನು ಹೇಳ್ಲಿ? ತೆಳ್ಳಗಾಗಿದಾಳೆ ಅಂತ ಹೇಳಿಬಿಡ್ಲಾ?"

ಪ್ಲೈವುಡ್ಡಿನ ಹಿಂದಿನಿಂದ ಅತ್ತೆ, ಅಳಿಯ ಇಬ್ಬರೂ ಒಟ್ಟಿಗೇ ಕೂಗಿದರು.

"ತೆಳ್ಳಗಾಗಿದೆ!"